ಎರಡನೆಯ ಖಾನೆಯಲ್ಲಿ ನಾನು ಬರೆದದ್ದು

ಮುಗ್ಗಿದ ಗೋವಿನಜೋಳದ ವಾಸನೆ ಬಂದರೆ ನನ್ನ ಅಂಗೈ ಈಗಲೂ ಬೆವರುತ್ತದೆ. ಹೋದ ತಿಂಗಳು ಶಿಗ್ಗಾವಿಯಿಂದ ಸವಣೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಸಡಿಲಾದ ಹಲ್ಲಿನ ಸೆಟ್ಟನ್ನು ಡಾಕ್ಟರಿಗೆ ತೋರಿಸಿಕೊಂಡು ಬರುವುದಿತ್ತು. ಹಿಂದಿನ ಸಂಜೆ ಮಳೆ ಬಿದ್ದಿತ್ತು. ರಸ್ತೆಯ ಅರ್ಧಕ್ಕೆ ಡಾಂಬರಿನ ಮೇಲೆಯೇ ಗೋವಿನಜೋಳ ಹರವಿದ್ದರು. ಹೆಣ್ಣುಮಕ್ಕಳು ತಾಡಪಾಲು ಸರಿಸಿ ಕಾಲಿನಿಂದ ಕಾಳು ಕೆದರುತ್ತಿದ್ದರು. ಡ್ರೈವರ್ ಬಸ್ಸು ನಿಧಾನ ಮಾಡಿದ. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕುಳಿತವನು ತನ್ನಷ್ಟಕ್ಕೆ ತಾನೇ ಹೇಳಿಕೊಂಡ:

"ಇವತ್ತ ಬಿಸಲ ಬಿದ್ರ ಉಳೀತು. ಇಲ್ಲಂದ್ರ ದನಕ್ಕ ಹಾಕೂದ."

ಅವನಿಗೇನು ಗೊತ್ತು. ನಾನು ಸವಣೂರಿಗೆ ಹೋಗಲಿಲ್ಲ. ಅದಕ್ಕಿಂತ ಮೊದಲಿನ ಒಂದು ಹಳ್ಳಿಯ ಕ್ರಾಸಿನಲ್ಲಿ ಇಳಿದುಬಿಟ್ಟೆ. ಏಳು ವರ್ಷದಿಂದ ಆ ಕ್ರಾಸು ಬಂದಾಗಲೆಲ್ಲ ಇನ್ನೊಂದು ಕಡೆಗೆ ಮುಖ ತಿರುಗಿಸಿ ಕೂರುತ್ತಿದ್ದವನು ನಾನು.

ನಾನು ಗದಿಗೆಪ್ಪ, ದುಂಡಸಿಯ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಸವಣೂರಿನ ಒಂದು ದಲಾಲಿ ಅಂಗಡಿಗೆ ಸೇರಿದೆ. ಮೂವತ್ತು ವರ್ಷ ಅಲ್ಲಿ ಕಾಳು ನೋಡುವುದೇ ನನ್ನ ಕೆಲಸವಾಗಿತ್ತು. ರೈತ ಚೀಲ ಇಳಿಸಿದ ಕೂಡಲೇ ಮೊಣಕೈತನಕ ಕೈ ತೂರಿಸಿ, ತಳದ ನಾಲ್ಕು ಕಾಳು ತೆಗೆದು, ಒಂದನ್ನು ದವಡೆಗೆ ಇಟ್ಟು ಕಡಿಯಬೇಕು. ಒಣಗಿದ ಕಾಳು ಕಟ್ ಎಂದು ಒಡೆಯುತ್ತದೆ, ಹಸಿ ಇದ್ದರೆ ಚಪ್ಪಟೆಯಾಗುತ್ತದೆ. ನಡುವಿನದು ಎಷ್ಟು ಹಸಿ ಎಂದು ಹೇಳುವುದೇ ವಿದ್ಯೆ. ನನ್ನ ದವಡೆ ಹೇಳಿದ ಮೇಲೆ ಮಾಲೀಕರು ಮರುಮಾತಾಡುತ್ತಿರಲಿಲ್ಲ. ಊರೂರಿನಲ್ಲಿ ನನ್ನನ್ನು ಹಲ್ಲಿನ ಗದಿಗೆಪ್ಪ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಮೇಲೆ ನನಗಿದ್ದ ಆಸೆಯೇ ಮುಂದೆ ನನ್ನನ್ನು ಕೆಡಿಸಿತು.

ಅಂಗಡಿ ಬಿಟ್ಟು ಎರಡು ವರ್ಷವಾದ ಮೇಲೆ, ದಸರೆಗೆ ಸ್ವಲ್ಪ ಮೊದಲು, ನಾಗವೇಣಿ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು. ಹಿರೇಕೆರೂರು ತಾಲ್ಲೂಕಿನ ಮಾಸೂರಿನ ಹುಡುಗಿ. ತಾಯಿಯ ಜೊತೆ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುತ್ತಲೇ ಓದಿ, ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದಳು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನಲ್ಲಿ ವ್ಯಾಪಾರಿಗಳು ಹಲ್ಲಿನಿಂದ ತೇವ ಅಂದಾಜು ಮಾಡುವುದರಿಂದ ರೈತನಿಗೆ ದರದಲ್ಲಿ ಎಷ್ಟು ಪೆಟ್ಟು ಬೀಳುತ್ತದೆ ಎಂಬುದೇ ಅವಳ ಪ್ರಶ್ನೆ. ಕೈಚೀಲದಿಂದ ಒಂದು ಯಂತ್ರ ತೆಗೆದು ಕಟ್ಟೆಯ ಮೇಲಿಟ್ಟಳು. ದೊಡ್ಡ ಟಾರ್ಚಿನಷ್ಟಿತ್ತು, ತಲೆಯಲ್ಲೊಂದು ಬಟ್ಟಲು. ಬಟ್ಟಲಿಗೆ ಕಾಳು ಸುರಿದು ಗುಂಡಿ ಒತ್ತಿದರೆ ನೂರಕ್ಕೆ ಎಷ್ಟು ತೇವ ಎಂದು ಅಂಕಿ ಮೂಡುತ್ತಿತ್ತು.

"ಕಾಕಾ, ನಿಮ್ಮ ಹಲ್ಲು ಹೇಳಿದ್ದು ಮೊದಲನೇ ಖಾನೇದಾಗ ಬರೀರಿ, ಮಿಷನ್ ಹೇಳಿದ್ದು ಎರಡನೇದರಾಗ. ಎರಡೂ ಒಂದ ಆಗಬೇಕಂತಿಲ್ಲ. ಬ್ಯಾರೆ ಬ್ಯಾರೆ ಆದ್ರನ ನನಗ ಕೆಲಸ."

"ನನ್ನ ಹಲ್ಲು ತಪ್ಪಿದ್ರ?"

"ತಪ್ಪಿದ್ದನ್ನ ಬರೀರಿ. ಇದು ನಿಮ್ಮ ಮರ್ಯಾದಿ ಪ್ರಶ್ನೆ ಅಲ್ಲ."

ಅವಳು ನಗುತ್ತ ಹೇಳಿದ ಮಾತು. ನನಗೆ ಮಾತ್ರ ಅದು ಮರ್ಯಾದೆಯ ಪ್ರಶ್ನೆಯೇ ಆಗಿತ್ತು. ಏಕೆಂದರೆ ಆ ಬೇಸಿಗೆಯಲ್ಲಿ ನನ್ನ ದವಡೆ ಹಲ್ಲುಗಳನ್ನೆಲ್ಲ ಕೀಳಿಸಿಯಾಗಿತ್ತು. ಬಾಯಲ್ಲಿದ್ದದ್ದು ಸೆಟ್ಟು. ಸೆಟ್ಟಿನಲ್ಲಿ ಕಡಿದರೆ ಒಣಗಿದ್ದೂ ಒಂದೇ, ಹಸಿಯೂ ಒಂದೇ. ಒಸಡಿಗೆ ನೋವೊಂದೇ ತಿಳಿಯುತ್ತಿತ್ತು. ಇದನ್ನು ಹೇಳಿದರೆ ಅವಳು ಬೇರೆಯವರನ್ನು ಹುಡುಕಿಕೊಳ್ಳುತ್ತಾಳೆ ಎಂದು ಹೆದರಿದೆ. ಮತ್ತೆ ನಾಲ್ಕು ಜನ ನನ್ನನ್ನು ಮನೆಗೆ ಕರೆದು, ಚಹಾ ಕೊಟ್ಟು, "ಹೇಳ್ರಿ ಅಣ್ಣಾರ" ಎಂದು ಬಾಯಿ ನೋಡುವುದನ್ನು ಬಿಡಲು ಮನಸ್ಸಾಗಲಿಲ್ಲ.

ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದಳು. "ಇಂಥವು ನಾಕ ಅದಾವ ಕಾಕಾ. ನಾಕೂ ನನ್ನ ಸಹಿ ಮ್ಯಾಲ ತಂದೇನಿ. ನಮ್ಮ ಸರ್ ಅಂತಾರ, ಹಲ್ಲಿಲೆ ಕಾಳ ನೋಡಾವನ ಕೈಯಾಗ ಮಿಷನ್ ಕೊಡಬ್ಯಾಡ ಅಂತ. ನಾನ ಜಾಮೀನ ನಿಂತೇನಿ."

ಹಾನಗಲ್ಲ, ಹಿರೇಕೆರೂರಿನ ಕಡೆಯ ಊರುಗಳನ್ನು ಬೇರೆ ಇಬ್ಬರು ನೋಡಿಕೊಂಡರು. ಶಿಗ್ಗಾವಿ, ಸವಣೂರಿನ ಕಡೆಯವು ನನ್ನವು. ಮೊದಲ ದಿನದಿಂದಲೇ ನಾನು ಮೋಸ ಮಾಡಿದೆ. ಕಾಳು ಬಾಯಿಗೆ ಹಾಕಿ ಕಣ್ಣು ಮುಚ್ಚಿ ಕಡಿದಂತೆ ಮಾಡುತ್ತಿದ್ದೆ. ಯಂತ್ರದ ಅಂಕಿ ನೋಡಿಕೊಂಡು, ಅದಕ್ಕೆ ಒಂದು ಕೂಡಿಸಿಯೋ ಅರ್ಧ ಕಳೆದೋ ಮೊದಲನೆಯ ಖಾನೆಯಲ್ಲಿ ಬರೆಯುತ್ತಿದ್ದೆ. ಅದನ್ನು ಫೋನಿನ ಫಾರ್ಮಿನಲ್ಲಿ ತುಂಬಿ ಕಳಿಸಿದರೆ, ಸ್ವಲ್ಪ ಹೊತ್ತಿಗೆ "ಥ್ಯಾಂಕ್ಸ್ ಕಾಕಾ" ಎಂದು ಅವಳ ಮೆಸೇಜು ಬರುತ್ತಿತ್ತು. ಇದರಿಂದ ಯಾರಿಗೆ ಏನು ನಷ್ಟ ಎಂದು ಅಂದುಕೊಂಡೆ.

ಹೀಗೆ ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ದುಂಡಸಿಯ ಹತ್ತಿರದ ಒಂದು ಹೊಲದಲ್ಲಿ ರಾಶಿ ಇತ್ತು. ನಮ್ಮಲ್ಲಿ ರಾಶಿ ಅಳೆಯುವ ಮೊದಲು ಸೇರನ್ನು ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟು ಕೈ ಮುಗಿಯುತ್ತಾರೆ. ತೊಳೆಯದ ಅಳತೆಯನ್ನು ರಾಶಿಗೆ ಮುಟ್ಟಿಸುವುದಿಲ್ಲ. ನಾನು ಚೀಲದಿಂದ ಯಂತ್ರ ತೆಗೆದಾಗ ಹೊಲದ ಯಜಮಾನ ತಡೆದ.

"ಇದೂ ಅಳತೀನ ಅಲ್ಲೇನಪಾ? ಊರೆಲ್ಲಾ ಅಡ್ಡಾಡಿ ಬಂದೈತಿ. ತೊಳದ ಮುಟ್ಟಸು."

ತೊಳೆಯಬಾರದು ಎಂದು ನನಗೆ ಅನ್ನಿಸಲೇ ಇಲ್ಲ. ಹುಟ್ಟಿದಾಗಿನಿಂದ ಕಂಡ ಪದ್ಧತಿ. ತಂಬಿಗೆಯ ನೀರನ್ನು ಬಟ್ಟಲಿಗೆ ಸುರಿದು, ಬೆರಳಾಡಿಸಿ, ಚೆಲ್ಲಿ, ಪಂಚೆಯ ತುದಿಯಿಂದ ಒರೆಸಿದೆ. ಮೂರು ಬೆರಳಿನ ವಿಭೂತಿ ಹಚ್ಚಿದೆ. ಅವರ ಹೆಣ್ಣುಮಗಳು ಒಂದು ಚೆಂಡುಹೂವು ಇಟ್ಟಳು. ಎಲ್ಲರೂ ಕೈ ಮುಗಿದರು. ಕಾಳು ಸುರಿದು ಗುಂಡಿ ಒತ್ತಿದೆ. ಅಂಕಿ ಮೂಡುವ ಕಡೆ ಎರಡು ಅಡ್ಡಗೆರೆ ಮೂಡಿದವು. ಮತ್ತೆ ಒತ್ತಿದೆ. ಅವೇ ಎರಡು ಗೆರೆ.

"ಎಷ್ಟ ಬಂತು?" ಎಂದ ಯಜಮಾನ.

ಎಂಟು ಜನ ನನ್ನ ಮುಖ ನೋಡುತ್ತಿದ್ದರು. "ಹದಿನೈದು" ಎಂದೆ.

ಆ ಬಾಯಿ ಅಲ್ಲಿಂದ ಮುಂದೆ ನಿಲ್ಲಲಿಲ್ಲ. ಮನೆಗೆ ಬಂದು ಯಂತ್ರವನ್ನು ಎರಡು ದಿನ ಬಿಸಿಲಿಗಿಟ್ಟೆ, ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ. ಗೆರೆಗಳು ಹೋಗಲಿಲ್ಲ, ಮೂರನೆಯ ದಿನ ಅವೂ ಮೂಡಲಿಲ್ಲ. ನಾಗವೇಣಿಗೆ ಫೋನು ಮಾಡಬೇಕೆಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಜಾಮೀನು ನಿಂತೇನಿ ಎಂದದ್ದು ನೆನಪಾಗಿ ಕೈ ಹಿಂದೆ ಬರುತ್ತಿತ್ತು. ಸತ್ತ ಯಂತ್ರವನ್ನು ಹಿಡಿದುಕೊಂಡೇ ಮನೆಮನೆಗೆ ಹೋದೆ. ಅಂಕಿ ಮೂಡುವ ಕಡೆ ಯಾರಿಗೂ ಕಾಣದಂತೆ ಅಂಗೈ ಮುಚ್ಚಿ ನೋಡಿ, ಬಾಯಿಗೆ ಬಂದದ್ದು ಹೇಳಿದೆ. ಯಂತ್ರ ಇದ್ದಾಗ ಅದರಿಂದ ಕದ್ದು ಹಲ್ಲಿನ ಖಾನೆ ತುಂಬಿದ್ದೆ. ಈಗ ಇಲ್ಲದ ಹಲ್ಲಿನಿಂದ ಯಂತ್ರದ ಖಾನೆ ತುಂಬತೊಡಗಿದೆ.

ಬಸ್‌ಸ್ಟ್ಯಾಂಡಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಯಾವ ಹುಡುಗಿ ಕಂಡರೂ ಕಂಬದ ಮರೆಗೆ ಸರಿಯುತ್ತಿದ್ದೆ. ಊಟ ಸೇರುತ್ತಿರಲಿಲ್ಲ. "ಸೆಟ್ಟ ಚುಚ್ಚತೈತೇನು?" ಎಂದು ಹೆಂಡತಿ ಕೇಳುತ್ತಿದ್ದಳು. ಹೂಂ ಎನ್ನುತ್ತಿದ್ದೆ.

ಸ್ವಾತಿ ಮಳೆ ಆ ವರ್ಷ ಬಿಟ್ಟುಬಿಟ್ಟು ಹೊಡೆಯಿತು. ಒಂದು ದಿನ ಬಿಸಿಲು, ಒಂದು ದಿನ ಮೋಡ. ಅಂಥ ಒಂದು ಬಿಸಿಲಿನ ದಿನ ಹುಸೇನಬಿಯ ಮನೆಗೆ ಹೋದೆ. ಸವಣೂರಿನ ಈಚೆಗೆ, ಕ್ರಾಸಿನಿಂದ ನಡೆದರೆ ಹತ್ತು ನಿಮಿಷ. ಗಂಡ ತೀರಿಕೊಂಡಿದ್ದ, ಮಗ ಲಾರಿಯ ಮೇಲೆ ಊರೂರು ತಿರುಗುವವನು. ಎರಡು ಎಕರೆ ಹೊಲ, ಒಂದು ಗಬ್ಬದ ಎಮ್ಮೆ, ಹಂಚಿನ ಮನೆ. ಅಂಗಳದಲ್ಲಿ ಹರವಿದ ಕಾಳನ್ನು ಅವಳು ಮೂರು ದಿನದಿಂದ ಮುಚ್ಚಿ, ಬಿಚ್ಚಿ, ಕೆದರಿ ಸೋತಿದ್ದಳು. ಹದಿನಾಲ್ಕರ ಒಳಗೆ ಒಣಗಿದ್ದನ್ನು ಚೀಲ ಹೊಲಿದು ಇಟ್ಟರೆ ಕೆಡುವುದಿಲ್ಲ, ದರ ಏರುವತನಕ ಕಾಯಬಹುದು ಎಂದು ನಾಗವೇಣಿ ಮನೆಮನೆಗೂ ತಿಳಿಸಿ ಹೋಗಿದ್ದಳು. ಹುಸೇನಬಿ ಆ ಅಂಕಿಗೇ ಕಾಯುತ್ತಿದ್ದಳು.

ನಾನು ಕಾಳು ಕಡಿದೆ. ಸುರಿದೆ. ಅಂಗೈ ಮುಚ್ಚಿ ನೋಡಿದೆ. "ಹದಿಮೂರು" ಎಂದೆ.

"ಕೈಗೆ ಇನ್ನೂ ತಂಪ ಹತ್ತತೈತ್ರಿ ಅಣ್ಣಾರ. ಇನ್ನೆರಡ ದಿನ ಬಿಸಲಿಗೆ ಬಿಡಲೇನು?"

ಅವಳ ಕೈ ಸರಿಯಾಗಿಯೇ ಹೇಳುತ್ತಿತ್ತು. ಆದರೆ ಆಗ ಹೌದು ಎಂದರೆ ಹದಿಮೂರು ಸುಳ್ಳಾಗುತ್ತಿತ್ತು. "ಕೈಯಿಂದೇನ ತಿಳೀತದವ್ವಾ" ಎಂದೆ, "ಮಿಷನ್ ಹೇಳೇತಿ. ಚೀಲ ಹೊಲಿಸಿ ಇಡು."

"ಆತು ಬಿಡ್ರಿ. ಮಿಷನ್ನಿಗೂ ನಿಮಗೂ ತಿಳಿಯದ್ದು ನನ್ನ ಕೈಗೇನ ತಿಳೀತೈತಿ" ಎಂದು ನಕ್ಕಳು. ನನಗೆ ಒಂದು ಸೌತೆಕಾಯಿ ಹೆಚ್ಚಿ ಉಪ್ಪು ಹಚ್ಚಿ ಕೊಟ್ಟಳು. ಕಡಿಯಲಾಗದೆ ಜೇಬಿನಲ್ಲಿಟ್ಟುಕೊಂಡು ಬಂದೆ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ನಾಗವೇಣಿಯ ಫೋನು ಬಂತು. "ಕಾಕಾ, ಹುಸೇನಬಿ ಕಾಕಿ ಚೀಲ ಮುಗ್ಗ್ಯಾವಂತ. ನಾನು ಕ್ರಾಸಿನಾಗ ಇಳದೇನಿ, ನೀವೂ ಬರ್ರಿ." ಬಸ್ಸಿನಲ್ಲಿ ಕುಳಿತಷ್ಟು ಹೊತ್ತೂ, ಈ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ.

ಬಾಗಿಲಲ್ಲೇ ವಾಸನೆ ಹೊಡೆಯಿತು. ಬಿಚ್ಚಿದ ಚೀಲದಲ್ಲಿ ಕಾಳು ಕಾಳಿಗೆ ಅಂಟಿ ಗಡ್ಡೆಯಾಗಿತ್ತು, ಮೇಲೆ ಬೂದಿ ಬಣ್ಣದ ಬೂಷ್ಟು. ಕೊಳ್ಳಲು ಬಂದ ವ್ಯಾಪಾರಿ ಮೂಗು ಮುಚ್ಚಿಕೊಂಡು ಹೋಗಿದ್ದನಂತೆ. ಸುಮ್ಮನೆ ಎಸೆಯುವುದು ಯಾಕೆಂದು ಅವಳು ಆರಿಸಿದ ಕಾಳನ್ನು ನುಚ್ಚು ಮಾಡಿಸಿ ಎಮ್ಮೆಗೆ ಹಾಕಿದ್ದಳು. ಎಮ್ಮೆ ಮೇವು ಬಿಟ್ಟು, ದಿನ ತುಂಬುವ ಮೊದಲೇ ಸತ್ತ ಕರು ಹಾಕಿತ್ತು. ಆ ಕಾಳಿನಿಂದಲೇ ಹಾಗಾಯಿತೆಂದು ದನದ ಡಾಕ್ಟರು ಹೇಳಿದ್ದರು. ಎಮ್ಮೆ ಗೋಡೆಯ ಬುಡದಲ್ಲಿ ತಲೆ ತಗ್ಗಿಸಿ ನಿಂತಿತ್ತು.

ನಾಗವೇಣಿ ತನ್ನ ಯಂತ್ರ ತೆಗೆದು ಕಾಳು ಸುರಿದಳು. ಅಂಕಿ ಇಪ್ಪತ್ತು ದಾಟಿತ್ತು. ನನ್ನ ಕಡೆಗೆ ತಿರುಗಿದಳು. "ಆವತ್ತ ಹದಿಮೂರು ಬರದೀರಿ."

"ಹೌದು."

"ಹದಿಮೂರಿದ್ದದ್ದು ಹಿಂಗ ಆಗೂದಿಲ್ಲ ಕಾಕಾ. ನಿಮ್ಮ ಮಿಷನ್ ತಗೀರಿ, ಎರಡೂ ಹೊಂದಸಿ ನೋಡೋಣು."

ಯಂತ್ರ ನನ್ನ ಹೆಗಲ ಚೀಲದಲ್ಲೇ ಇತ್ತು. "ಮನ್ಯಾಗ ಬಿಟ್ಟ ಬಂದೇನಿ" ಎಂದೆ. ಅವಳು ನನ್ನ ಚೀಲದ ಕಡೆಗೆ ಕಣ್ಣು ಹಾಯಿಸಿದಂತೆ ಆಯಿತು. ಹಾಯಿಸಿದಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಆ ಕ್ಷಣದಲ್ಲಿ ನನ್ನ ಕೈ ತಾನಾಗಿ ಮೇಲೆದ್ದು ಹಂಚಿನ ಮಾಡು ತೋರಿಸಿತು.

"ಅಲ್ಲಿ ನೋಡು ತಂಗಿ. ಹಂಚು ಸೋರ್ಯಾವ. ಚೀಲದ ಮ್ಯಾಲ ನೀರ ಇಳದೈತಿ."

ಗೋಡೆಯ ಮೇಲೆ ಹಳೆಯದೊಂದು ಕಲೆ ಇತ್ತು. ಹುಸೇನಬಿ ಗಾಬರಿಯಾದಳು. "ಅದು ಹ್ವಾದ ವರ್ಷದ್ದರಿ. ಈ ವರ್ಷ ಹಂಚ ತಿರುವಿ ಹೊದಿಸೇನಿ. ಒಂದ ಹನಿ ಇಳದಿಲ್ಲ."

"ಹನಿ ಇಳೀಲಾರದ ಇಷ್ಟ ಹಸಿ ಎಲ್ಲಿಂದ ಬರ್ತೈತಿ?" ಎಂದು ನಾನು ದನಿ ಏರಿಸಿದೆ.

ನಾಗವೇಣಿ ಕಲೆಯನ್ನೂ ನನ್ನ ಮುಖವನ್ನೂ ನೋಡಿದಳು. ನನಗೆ ಜಾಮೀನು ನಿಂತವಳು, ನನ್ನನ್ನೇ ನಂಬಿದಳು. "ಅಷ್ಟ ಹೇಳಿದ್ದೆ ಕಾಕಿ, ಜೋಪಾನ ಮಾಡ್ರಿ ಅಂತ. ನಿಮ್ಮಂಥವರು ಹಿಂಗ ಮಾಡಿದ್ರ ನಾಳೆ ಯಾರ ನಂಬ್ತಾರ ಇದನ್ನ?" ಎಂದು ಬಿರುಸಾಗಿಯೇ ಅಂದಳು. ಹುಸೇನಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಮಾಡು ನೋಡುತ್ತಿದ್ದಳು.

ಮನೆಯೊಂದನ್ನು ಅಧ್ಯಯನದಿಂದ ಕೈಬಿಡಬೇಕಾದರೆ ಕಾರಣ ಬರೆದು ಮನೆಯವರ ಗುರುತು ಹಾಕಿಸಬೇಕಿತ್ತು. ಬರೆದವನು ನಾನೇ. 'ಮನೆಯ ಹಂಚು ಸೋರಿ, ಮನೆಯವರ ನಿರ್ಲಕ್ಷ್ಯದಿಂದ ಕಾಳು ಕೆಟ್ಟಿದೆ.' ನಾಗವೇಣಿ ಎಮ್ಮೆಯ ಫೋಟೊ ತೆಗೆಯಲು ಹೊರಗೆ ಹೋಗಿದ್ದಾಗ ಹುಸೇನಬಿ ಕೇಳಿದಳು, "ಏನ ಬರದೀರಿ ಅಣ್ಣಾರ? ಓದಿ ಹೇಳ್ರಿ."

"ಕಾಳು ಕೆಟ್ಟೈತಿ ಅಂತ ಬರದೇನಿ" ಎಂದೆ. ಅವಳು ಹೆಬ್ಬೆಟ್ಟು ಒತ್ತಿದಳು. ಇಂಕಿನ ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಹಾಗೇ ಎತ್ತಿ ಹಿಡಿದುಕೊಂಡಿದ್ದಳು.

ಹಂಗಾಮು ಮುಗಿದ ಮೇಲೆ ನಾಗವೇಣಿಗೆ ಯಂತ್ರ ಒಪ್ಪಿಸಲು ಹೋದೆ. "ನಿನ್ನೆಯಿಂದ ನಡೀವಲ್ತು" ಎಂದೆ. "ಇರ್ಲಿ ಬಿಡ್ರಿ ಕಾಕಾ, ಕೆಲಸ ಮುಗದೈತಲ್ಲ" ಎಂದು ಡಬ್ಬಿಗೆ ಹಾಕಿದಳು. ಅಷ್ಟೇ. ಈ ಒಂದು ಮಾತನ್ನು ದುಂಡಸಿಯ ರಾಶಿಯ ದಿನವೇ ಹೇಳಿದ್ದರೂ ಅವಳು ಇಷ್ಟೇ ಹೇಳುತ್ತಿದ್ದಳೇನೋ ಎಂದು ಅಲ್ಲೇ ನಿಂತು ಯೋಚಿಸಿದೆ. ಬೆಂಚಿನ ಮೇಲೆ ಕುಳಿತೆ. ಅವಳು ನೀರು ತಂದುಕೊಟ್ಟಳು.

ಮೂರು ವರ್ಷದ ನಂತರ ಅವಳಿಗೆ ಡಾಕ್ಟರೇಟ್ ಆಯಿತು. ಪ್ರಬಂಧದ ಒಂದು ಪ್ರತಿಯನ್ನು ತಾನೇ ತಂದುಕೊಟ್ಟು ಕಾಲು ಮುಟ್ಟಿದಳು. ಇಂಗ್ಲಿಷಿನಲ್ಲಿದೆ. ಮೊದಲ ಪುಟದಲ್ಲಿ ನನ್ನ ಹೆಸರಿದೆ, ಅಷ್ಟು ಓದಬಲ್ಲೆ. ಉಳಿದದ್ದನ್ನು ಅವಳೇ ಬಿಡಿಸಿ ಹೇಳಿದಳು. ಹಾನಗಲ್ಲ, ಹಿರೇಕೆರೂರಿನ ಕಡೆ ಹಲ್ಲಿಗೂ ಯಂತ್ರಕ್ಕೂ ಬಹಳ ಅಂತರ ಬಂದಿತ್ತಂತೆ. ನಮ್ಮ ಕಡೆ ಅಂತರ ಇದ್ದೂ ಇಲ್ಲದಂತಿತ್ತಂತೆ. ಯಾಕೆ ಹೀಗೆ ಎಂದು ಅವಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಒಂದು ಇಡೀ ಅಧ್ಯಾಯ ಬರೆದಿದ್ದಳು: ಸವಣೂರು, ಶಿಗ್ಗಾವಿಯ ಪೇಟೆಯಲ್ಲಿ ತಲೆಮಾರಿನ ಅನುಭವ ಮತ್ತು ನಂಬಿಕೆ ಹೆಚ್ಚು, ಅದಕ್ಕೇ ಅಲ್ಲಿನ ಅಂದಾಜು ಯಂತ್ರದಷ್ಟೇ ಸರಿ ಎಂದು. "ಎಲ್ಲಾರೂ ಅದನ್ನ ಮೆಚ್ಚಿದ್ರು ಕಾಕಾ" ಎಂದಳು. ಪುಸ್ತಕವನ್ನು ಟ್ರಂಕಿನ ತಳದಲ್ಲಿಟ್ಟೆ. ಒಂದು ಸಲ ನಮ್ಮ ಕಡೆಯ ರೈತರು ತೇವ ನೋಡುವ ಯಂತ್ರ ಇಡಿರೆಂದು ಕೇಳಿದಾಗ ಪೇಟೆಯ ವ್ಯಾಪಾರಿಯೊಬ್ಬ, "ಕಲತವರ ಬರದಾರ, ಇಲ್ಲಿ ಹಲ್ಲ ಸಾಕು ಅಂತ" ಎಂದನಂತೆ. ಚಹಾದ ಅಂಗಡಿಯಲ್ಲಿ ಇದನ್ನು ಕೇಳಿದ ದಿನ ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ಹೋದ ತಿಂಗಳು ಕ್ರಾಸಿನಲ್ಲಿ ಇಳಿದು ನಡೆದಾಗ ಇದೆಲ್ಲ ನನ್ನ ಜೊತೆಗೇ ನಡೆದು ಬಂತು. ಹುಸೇನಬಿ ಅಂಗಳದಲ್ಲಿ ಕಾಳು ಕೆದರುತ್ತಿದ್ದಳು. ಮನೆಗೆ ಹಂಚಿರಲಿಲ್ಲ, ತಗಡು ಹೊದಿಸಿದ್ದರು.

"ಹಲ್ಲಿನ ಅಣ್ಣಾರು ಬಂದ್ರಲ್ಲ. ಬರ್ರಿ, ಕುಂದರ್ರಿ. ಹಾದಿ ತಪ್ಪಿತೇನು?" ಎಂದಳು. ನೀರು ಕೊಟ್ಟಳು. ಆಮೇಲೆ ಒಂದು ಹಿಡಿ ಕಾಳು ತಂದು ಮುಂದೆ ಹಿಡಿದಳು. "ಸುಮ್ನ ಕುಂತೀರಿ. ಒಂದ ಕಾಳ ಕಡದ ಹೇಳ್ರಿ. ಚೀಲ ತುಂಬಲ್ಯೋ, ಬಿಡಲ್ಯೋ?"

ಅಷ್ಟಾದ ಮೇಲೂ ನನ್ನನ್ನೇ ಕೇಳುತ್ತಿದ್ದಳು. ನಾನು ಸೆಟ್ಟನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ಅವಳಿಗೆ ನಗು ಬಂತು. "ಅಯ್ಯ, ಇಷ್ಟಕ್ಕ ನಾಚತೀರೇನು? ನಂದೂ ನಾಕ ಹೋಗ್ಯಾವ."

"ಇವು ಆ ವರ್ಷನ ಹೋಗಿದ್ದುವವ್ವಾ."

"ಯಾವ ವರ್ಷ?"

"ನಿನ್ನ ಎಮ್ಮಿ ಸತ್ತ ಕರ ಹಾಕಿದ ವರ್ಷ. ಮಿಷನ್ನೂ ಸತ್ತಿತ್ತು. ಹದಿಮೂರು ನಾ ಬಾಯಿಲೆ ಹೇಳಿದ್ದು."

ಅವಳು ಹಿಡಿಯ ಕಾಳನ್ನು ರಾಶಿಗೆ ಹಾಕಿ, ಎದ್ದು, ಕಾಲಿನಿಂದ ಒಂದು ಸಾಲು ಕೆದರುತ್ತ ಅಂಗಳದ ಆ ತುದಿತನಕ ಹೋದಳು. ಇನ್ನೊಂದು ಸಾಲು ಕೆದರುತ್ತ ತಿರುಗಿ ಬಂದಳು.

"ಹಂಗಾರ ಹಂಚ ಸೋರಿದ್ದಿಲ್ಲ."

"ಇಲ್ಲ."

"ಮಗ ಬಂದಾವ ಬೈದಾ. ಓಣ್ಯಾಗಿನವರು ಆಡಿಕೊಂಡ್ರು. ಮಳಿ ಬಂದಾಗೊಮ್ಮೆ ಬುಟ್ಟಿ ಹಿಡ್ಕೊಂಡು ಮಾಡ ನೋಡಕೊಂತ ಕುಂದರತಿದ್ದೆ, ಎಲ್ಲಿ ಸೋರತೈತಿ ಅಂತ. ಹನೀನ ಬೀಳತಿದ್ದಿಲ್ಲ. ನನ್ನ ಕಣ್ಣ ಹೋಗ್ಯಾವ ಅಂದಕೊಂಡೆ. ಕಡೀಕ ಹಂಚ ತಗಿಸಿ ತಗಡ ಹಾಕಿಸಿದೆ."

ನಾನು ಕೈ ಮುಗಿದೆ. ಅವಳು ಅದನ್ನು ನೋಡಲಿಲ್ಲ.

"ಆ ಕಾಗದದ ಮ್ಯಾಲ ನನ್ನ ಹೆಬ್ಬೆಟ್ಟ ಐತಲ್ಲ. ಅದನ್ನ ತಗಸ್ರಿ" ಎಂದಳು. ಬೇರೆ ಏನೂ ಕೇಳಲಿಲ್ಲ.

ಮನೆಗೆ ಬಂದು ನಾಲ್ಕು ದಿನ ಫೋನಿನ ಮುಂದೆ ಕುಳಿತೆ. ಐದನೆಯ ದಿನ ಮಾಡಿದೆ. ನಾಗವೇಣಿ ಈಗ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸಿದೆ.

"ಯಾವ ದಿನದಿಂದ ಕಾಕಾ?" ಎಂದಳು.

"ಹಲ್ಲಿಂದು ಮೊದಲನೇ ದಿನದಿಂದ. ಮಿಷನ್ನಿಂದು ದುಂಡಸಿ ರಾಶಿಯಿಂದ."

ಕಾಗದ ಸರಿಸಿದ ಸದ್ದು ಕೇಳಿತು, ಪೆನ್ನು ತೆಗೆದುಕೊಂಡಳೆಂದು ತಿಳಿಯಿತು.

"ನಿನ್ನ ಡಿಗ್ರಿಗೆ ಏನಾರ ಆಗತೈತೇನು ತಂಗಿ?"

"ಗೊತ್ತಿಲ್ಲ." ಆಮೇಲೆ ಅವಳ ದನಿ ಬೇರೆಯಾಗಿತ್ತು. "ನಾನು ಆ ಕಾಕಿಗೆ ಬೈದಿದ್ದೆ ಕಾಕಾ. ಅವರ ಅಂಗಳದಾಗ ನಿಂತು, ಅವರಿಗೇ ಬೈದಿದ್ದೆ."

ಅಂದು ಹೋದ ಮನೆಗಳನ್ನೆಲ್ಲ ನೆನಪಿದ್ದಷ್ಟು ಸಾಲಾಗಿ ಬರೆದು, ಸಹಿ ಮಾಡಿ ಇಟ್ಟಿರಿ, ಭಾನುವಾರ ಬರುತ್ತೇನೆ, ಇಬ್ಬರೂ ಹುಸೇನಬಿಯ ಮನೆಗೆ ಹೋಗಿ ಆ ಕಾಗದ ಹಿಂದೆ ಕೊಡೋಣ ಎಂದಳು. ಬರುವವಳು ಅದೇ ನಾಗವೇಣಿಯೋ, ನನ್ನ ಮುಖ ನೋಡುತ್ತಾಳೋ ಇಲ್ಲವೋ, ಗೊತ್ತಿಲ್ಲ. ಆದರೂ ಎರಡು ದಿನದಿಂದ ಕುಳಿತು ಬರೆದಿದ್ದೇನೆ. ಅಡಿಪಟ್ಟಿ ಇಟ್ಟು ಎರಡು ಖಾನೆ ಎಳೆದೆ. ಮೊದಲನೆಯದರಲ್ಲಿ ಪ್ರತಿ ಮನೆಯ ಮುಂದೆಯೂ 'ಹಲ್ಲು ಇರಲಿಲ್ಲ' ಎಂದು ಬರೆದೆ. ದುಂಡಸಿಯ ರಾಶಿಯಿಂದ ಮುಂದೆ ಎರಡನೆಯದರಲ್ಲಿ 'ಅಳೆದಿಲ್ಲ' ಎಂದು ಬರೆಯುತ್ತ ಬಂದೆ. ಹುಸೇನಬಿಯ ಹೆಸರು ಬಂದಾಗ ಖಾನೆಯ ಜಾಗ ಸಾಲಲಿಲ್ಲ. ಗೆರೆ ದಾಟಿಸಿ ಬರೆದೆ: ಅಳೆದಿಲ್ಲ. ಹಂಚು ಸೋರಿರಲಿಲ್ಲ.